ದರ ಬರೆಯದ ಲಕೋಟೆ

ರೈಲು ಕಂಪನಿಯ ಕಚೇರಿಯಲ್ಲಿ ಟೆಂಡರ್ ಲಕೋಟೆಗಳನ್ನು ಒಡೆಯುವ ದಿನ ಕ್ಲೀವ್‌ಲ್ಯಾಂಡಿನ ಆಮೋಸ್ ಕ್ರೆಬ್ಸ್ ಬೇಕೆಂದೇ ಮುಂದಿನ ಸಾಲಿನಲ್ಲಿ ಕುಳಿತ. ಪ್ರೆಂಟಿಸ್‌ನ ಮುಖ ಇಳಿಯುವುದನ್ನು ಅವನು ಕಣ್ತುಂಬ ನೋಡಬೇಕಿತ್ತು.

ಈ ರೈಲು ಕಂಪನಿ ನ್ಯೂಯಾರ್ಕಿನ ಪ್ರೆಂಟಿಸ್ ಮನೆತನದ ಬ್ಯಾಂಕಿಗೆ ಅಜ್ಜನ ಕಾಲದಿಂದಲೂ ಕಾಯಂ ಗಿರಾಕಿ. ಹೊಸ ಹಳಿಗೆ ಹಣ ಬೇಕಾದಾಗ ಕಂಪನಿಯ ಅಧ್ಯಕ್ಷರು ಪ್ರೆಂಟಿಸ್ ಜೊತೆ ಊಟಕ್ಕೆ ಕೂರುವರು. ಕಾಫಿ ಬರುವಷ್ಟರಲ್ಲಿ ಕಂಪನಿಯ ಸಾಲಪತ್ರಗಳು, ಅಂದರೆ ಬಾಂಡುಗಳೆಲ್ಲ, ಲಾಭಕ್ಕೆ ಮಾರಿಕೊಳ್ಳಲು ಅವನ ಪಾಲಾಗಿರುತ್ತಿದ್ದವು. ನಡುವೆ ಬೇರೆಯವರು ದರ ಹೇಳುವುದೆಂದರೆ ಪರರ ಹೆಂಡತಿಗೆ ಕಣ್ಣು ಹೊಡೆದಷ್ಟೇ ಅಸಭ್ಯ. ಪ್ರೆಂಟಿಸ್ ಹಂಚಿದ ಚೂರುಪಾರು ಬಾಂಡು ಮಾರಿ ಬದುಕುತ್ತಿದ್ದ ಆಮೋಸನ ಅಪ್ಪ ಒಮ್ಮೆ ಅದನ್ನೇ ಮಾಡಿದ, ತಾನು ಹೆಚ್ಚು ಕೊಡುತ್ತೇನೆಂದ. ಅಂದಿನಿಂದ ಅವನಿಗೆ ಒಂದು ಚೂರೂ ಸಿಗಲಿಲ್ಲ. ವ್ಯಾಪಾರ ಮುಚ್ಚಿತು, ಅಪ್ಪ ಯಾರದೋ ಅಂಗಡಿಯಲ್ಲಿ ಟೋಪಿ ಮಾರುತ್ತಲೇ ಸತ್ತ. ಆಮೋಸ್ ಸ್ವಂತ ಬ್ಯಾಂಕು ಕಟ್ಟಿದ್ದೇ ಆ ಸೇಡಿಗಾಗಿ.

ಈಗ ಸರ್ಕಾರ ಟೆಂಡರನ್ನು ಕಡ್ಡಾಯ ಮಾಡಿತ್ತು. ಹೆಚ್ಚು ಕೊಟ್ಟವರಿಗೆ ಬಾಂಡು, ಊಟ ಹಾಕಿಸಿದವರಿಗಲ್ಲ.

ಕಾರ್ಯದರ್ಶಿ ಮೊದಲು ಪ್ರೆಂಟಿಸ್‌ನ ಲಕೋಟೆ ಒಡೆದು, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಎಂದಿನಂತೆ ತಮ್ಮ ಸೇವೆಗೆ ಸಿದ್ಧ, ದರ ಕುಳಿತು ಮಾತಾಡೋಣ ಎಂದಷ್ಟೇ ಇತ್ತು. ಜನ್ಮದಲ್ಲಿ ಟೆಂಡರ್ ಹಾಕದವನಿಗೆ ದರ ಬರೆಯಬೇಕೆಂದೇ ಹೊಳೆದಿರಲಿಲ್ಲ!

ಅಧ್ಯಕ್ಷರು ಮುಜುಗರದಿಂದ, ಹಿರಿಯರು ಈಗಲೇ ಬರೆದುಕೊಡಲಿ, ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳಿದರು. ಆಮೋಸ್ ಬೇಡವೆಂದಿದ್ದರೆ ಪ್ರೆಂಟಿಸ್ ಅಲ್ಲೇ ಹೊರಬೀಳುತ್ತಿದ್ದ. ಅಷ್ಟು ಸುಲಭದ ಗೆಲುವು ಅವನಿಗೆ ಸಾಲದಾಗಿತ್ತು.

"ಬರೀಲಿ ಬಿಡಿ ಸಾರ್," ಎಂದ. "ನಮ್ಮೆಲ್ಲರ ಎದುರಿಗೇ ಬರೀಲಿ."

ಪ್ರೆಂಟಿಸ್ ಪೆನ್ನು ತೆಗೆದ, ತಡವರಿಸಿದ, ಕೊನೆಗೆ ಅಭ್ಯಾಸಬಲದಿಂದ ಅಧ್ಯಕ್ಷರತ್ತ ವಾಲಿ, "ನಿಮಗೆಷ್ಟು ಬೇಕಪ್ಪಾ?" ಎಂದ. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ಆಮೋಸ್ ನಕ್ಕ. ಮುದುಕ ಕೊನೆಗೂ ಗೀಚಿಕೊಟ್ಟ ದರ ಆಮೋಸನ ಲಕೋಟೆಯಲ್ಲಿದ್ದ ದರಕ್ಕಿಂತ ಎಷ್ಟೋ ಕೆಳಗಿತ್ತು. ಉಳಿದವರದೂ ಅಷ್ಟೇ. ಬಾಂಡುಗಳು ಕ್ಲೀವ್‌ಲ್ಯಾಂಡಿನ ಪಾಲಾದವು.

ಹೊರಗೆ ಮೆಟ್ಟಿಲ ಬಳಿ ಪ್ರೆಂಟಿಸ್ ತಾನಾಗಿಯೇ ಬಂದು ಕೈ ಚಾಚಿದ.

"ಚೆನ್ನಾಗಿ ಗೆದ್ರಿ. ನಿಮ್ಮನ್ನ ಎಲ್ಲೂ ನೋಡಿದ ನೆನಪಿಲ್ವಲ್ಲ?"

"ಜೋನಾಸ್ ಕ್ರೆಬ್ಸ್ ಮಗ."

ಪ್ರೆಂಟಿಸ್ ಹುಬ್ಬು ಗಂಟಿಕ್ಕಿ ಪ್ರಾಮಾಣಿಕವಾಗಿಯೇ ಯೋಚಿಸಿದ. ನೆನಪಾಗಲಿಲ್ಲ. ಅಪ್ಪನನ್ನು ಬೀದಿಗೆ ತಂದವನಿಗೆ ಅಪ್ಪನ ಹೆಸರೂ ಗೊತ್ತಿಲ್ಲ! ಆಮೋಸನಿಗೆ ಗೆದ್ದದ್ದು ಏನೇನೂ ಅಲ್ಲ ಅನ್ನಿಸಿತು. ಚಾಚಿದ ಕೈಯನ್ನು ಅವನು ಮುಟ್ಟಲಿಲ್ಲ.

"ಪರವಾಗಿಲ್ಲ ಯಜಮಾನ್ರೇ. ನಿಮ್ಮ ಕೈಲಿ ಇನ್ನೂ ಆರು ರೈಲು ಕಂಪನಿ ಇವೆಯಲ್ಲ, ಒಂದೊಂದರ ಟೆಂಡರಿಗೂ ಬರ್ತೀನಿ. ನಿಮಗೆ ನೆನಪಾಗೋವರೆಗೂ."