ಏಳು ಸೀಟಿನ ಗಾಡಿ

ಕುಂಕುಮ ಈಗ ಅವಿನನ ಕೆನ್ನೆಗೆ ಇಳಿದಿದೆ, ಇಲ್ಲ, ಕುಂಕುಮ ಇದ್ದಲ್ಲೇ ಇದೆ, ಅವನೇ ಅಲ್ಲಿ ಬಹ್ರೈನಿನಲ್ಲಿ ಮುಖ ಓರೆ ಮಾಡಿದ್ದು. ಪುತ್ತೂರಿನ ಶೋರೂಮಿನಲ್ಲಿ ಭಟ್ಟರು ಹೊಸ ಗಾಡಿಗೆ ಆರತಿ ಎತ್ತಿ ಎಲ್ಲರ ಹಣೆಗೂ ಕುಂಕುಮ ಇಡುವಾಗ ಅತ್ತೆ, ನನ್ನ ಮಗನಿಗೂ ಇಡಿ ಮಾರಾಯ್ರೆ, ಗಾಡಿ ತೆಗೆದದ್ದು ಅವನಲ್ವಾ ಎಂದರು, ಭಟ್ಟರು ಒಂದು ಗಳಿಗೆ ತಡೆದು, ನಕ್ಕು, ಸುಪ್ರಿತಾ ಎತ್ತಿ ಹಿಡಿದಿದ್ದ ಮೊಬೈಲಿನ ಗಾಜಿನ ಮೇಲೆಯೇ ಗಂಡನ ಹಣೆ ಎಲ್ಲಿದೆಯೆಂದು ನೋಡಿ ಒತ್ತಿಬಿಟ್ಟರು — ಆಗಿನಿಂದ ಅವನು ಅಲುಗಿದಾಗಲೆಲ್ಲ ಆ ಕೆಂಪು ಚುಕ್ಕೆ ಒಮ್ಮೆ ಮೂಗಿನ ಮೇಲೆ, ಒಮ್ಮೆ ಕಣ್ಣಿನ ಮೇಲೆ. ಒರೆಸುವ ಹಾಗಿಲ್ಲ, ಪ್ರಸಾದ, ಒರೆಸಲು ಕೈಯೂ ಖಾಲಿಯಿಲ್ಲ, ಎರಡೂ ಸ್ಟೇರಿಂಗಿನ ಮೇಲೆ. ಎದುರು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಮೊಬೈಲಿನಿಂದ ಅವನು, ನಿಧಾನ ಸುಪ್ರಿ, ನಿಧಾನ, ಎದುರು ಬಸ್ಸುಂಟು ನೋಡು ಎನ್ನುತ್ತಾನೆ, ಬಸ್ಸು ಅವಳಿಗೆ ಕಾಣುತ್ತಿದೆ, ಅವನಿಗೆ ಅಷ್ಟು ದೂರದಲ್ಲಿ ಕೂತು ಹೇಗೆ ಕಂಡಿತೋ. ಬೆನ್ನು ಬೆವೆತು ಸೀಟಿನ ಪ್ಲಾಸ್ಟಿಕ್ಕಿಗೆ ಅಂಟಿದೆ, ಕವರು ತೆಗೆಯುದು ಬೇಡ, ಅವನು ರಜೆಗೆ ಬಂದು ಅವನೇ ತೆಗೀಲಿ ಎಂದು ಮಾವ ಆಗಲೇ ಹೇಳಿಯಾಗಿದೆ. ಮಾವ ಪಕ್ಕದ ಸೀಟಿನಲ್ಲಿ ಕಾಲಿಗೆ ಚಪ್ಪಲಿಯಿಲ್ಲದೆ ಕೂತಿದ್ದಾರೆ, ಚಪ್ಪಲಿ ಪೇಪರಿನಲ್ಲಿ ಸುತ್ತಿ ಮಡಿಲಲ್ಲಿ. ಹಿಂದೆ ಅತ್ತೆ, ಅತ್ತೆಯ ತೊಡೆಯ ಮೇಲೆ ನಿದ್ದೆ ಹೋದ ಮಗಳು ಪ್ರೀತಿಕಾ, ಅದರ ಹಿಂದಿನ ಸಾಲಿನಲ್ಲಿ ಒಂದು ಬಾಳೆಗೊನೆ ಮಾತ್ರ, ಮೂರು ಜನರ ಜಾಗದಲ್ಲಿ ಹಾಯಾಗಿ ಮಲಗಿದೆ, ಇಷ್ಟು ದೊಡ್ಡದು ಯಾಕೆ ಎಂದು ಕೇಳಿದ್ದಳು ಅವಳು, ಫ್ಯಾಮಿಲಿ ಗಾಡಿ ಅಂದ್ರೆ ಏಳು ಸೀಟೇ ಬೇಕು ಎಂದಿದ್ದ.

ಎಂಟು ತಿಂಗಳು ಇದೇ ಮಾತು. ಕೆಲಸದಿಂದ ಬಂದು ರೂಮಿನ ಮಂಚದ ಮೇಲೆ ಅಡ್ಡಾಗಿ ಒಂದೊಂದೇ ಗಾಡಿಯ ವಿಡಿಯೋ ಕಳಿಸುತ್ತಿದ್ದ, ಬಿಳಿಯಾ ಬೂದಿಯಾ, ಅಮ್ಮನಿಗೆ ಹತ್ತುದಕ್ಕೆ ಮೆಟ್ಟಿಲು ತಗ್ಗಿದೆಯಾ, ನೀನು ಹೋಗಿ ಕೂತು ನೋಡಿ ಬಾ. ಆ ದಿನಗಳಲ್ಲೇ ಒಂದು ದಿನ ಹೇಳಿದ್ದು, ಮನೆಗೆ ಒಂದು ಗಾಡಿ ಆದ್ರೆ ಅಪ್ಪ ಅಮ್ಮನದ್ದು ಎಲ್ಲ ಸುಧಾರಿಸ್ತದೆ ಸುಪ್ರಿ, ಮತ್ತೆ ಜೂನಿಗೆ ನಿಮ್ಮಿಬ್ಬರನ್ನು ಇಲ್ಲಿಗೆ ಕರಕೊಳ್ಳುದು. ಅದೇ ವಾರ, ನೀನು ಡ್ರೈವಿಂಗ್ ಕಲಿ. ಎರಡನ್ನೂ ಅವಳೇ ಸೇರಿಸಿ ಹೊಲಿದುಕೊಂಡಳು, ಅಲ್ಲಿ ಗಂಡ ಕೆಲಸಕ್ಕೆ ಹೋದಾಗ ಮಗಳನ್ನು ಶಾಲೆಗೆ ಬಿಡಬೇಕಲ್ಲ, ಅಲ್ಲಿಯ ರಸ್ತೆ ಗೆರೆ ಎಳೆದ ಹಾಗೆ ನೇರವಂತೆ, ಎರಡೂ ಬದಿಗೆ ಸಮುದ್ರವಂತೆ, ಸಮುದ್ರದ ನಡುವೆ ತಾನು ಕಪ್ಪು ಕನ್ನಡಕ ಹಾಕಿ — ಪಾತ್ರೆ ತೊಳೆಯುವಾಗ ಎಡಗಾಲಿನಿಂದ ಕ್ಲಚ್ಚು ಒತ್ತಿದಳು, ಒಲೆಯ ಮುಂದೆ ಗೇರು ಹಾಕಿದಳು. ಬೀರುವಿನಲ್ಲಿ ಎರಡು ಪಾಸ್‌ಪೋರ್ಟು, ಮದುವೆ ಸೀರೆಯ ಮಡಿಕೆಯೊಳಗೆ, ತೆಗೆದು ತೆಗೆದು ನೋಡಿ ಮಗಳದ್ದಕ್ಕೂ ನುಸಿಗುಳಿಗೆಯ ವಾಸನೆ ಹಿಡಿದಿದೆ. ಕಡಬದಲ್ಲಿ ಡ್ರೈವಿಂಗ್ ಕಲಿಸಿದ ಪೋಕರಾಕ ನಗುತ್ತಿದ್ದರು, ಎಂತ ಅಕ್ಕ, ಎಲ್ಲರೂ ಗಾಡಿ ಕಲೀಲಿಕ್ಕೆ ಬರುದು, ನೀವು ಹಾರ್ಲಿಕ್ಕೆ ಬಂದ ಹಾಗೆ ಉಂಟು.

ಸವಣೂರು ಪೇಟೆ ದಾಟಿತು. ಮಾವ ಮೊಬೈಲಿನ ಕಡೆಗೆ ಬಾಗಿ, ಕಿವಿ ಕೇಳದವನಿಗೆ ಹೇಳುವ ಹಾಗೆ ದೊಡ್ಡ ಸ್ವರದಲ್ಲಿ, ಡ್ರೈವರನ್ನು ಹುಡುಕುದು ಬೇಡ ಮಗಾ, ಇವಳು ಚಂದ ಬಿಡ್ತಾಳೆ. ಅವಳಿಗೆ ಖುಷಿಯಾಯಿತು, ನಿಜಕ್ಕೂ ಆಯಿತು, ಒಂದು ತಿರುವಿನಷ್ಟು ಹೊತ್ತು. ಅವನು ನಕ್ಕ, ಡ್ರೈವರ್ ಎಂತಕ್ಕೆ ಅಪ್ಪ, ಅದಕ್ಕೇ ಅಲ್ವಾ ಇವಳಿಗೆ ಕಲಿಸಿದ್ದು, ಅಮ್ಮನ ಮಂಡಿಗೆ ವಾರಕ್ಕೆರಡು ಸಲ ಪುತ್ತೂರು, ನಿಮ್ಮ ಕಣ್ಣಿಗೆ ಮಂಗಳೂರು. ಅದಕ್ಕೇ. ಯಾವುದಕ್ಕೆ, ಯಾವಾಗಿನಿಂದ ಅದಕ್ಕೆ. ಅವನು ಕೆಲಸದ ಸೈಟಿನ ಹೊರಗೆ ಕಂಪೆನಿಯ ಪಿಕಪ್ಪಿನಲ್ಲಿ ಎಸಿ ಹಾಕಿಕೊಂಡು ಕೂತಿದ್ದಾನೆ, ಬೆಲ್ಟು ಬಿಚ್ಚಿಲ್ಲ, ಅವನ ಹೆಗಲಿನಿಂದ ಎದೆಗೆ ಅಡ್ಡವಾಗಿ ಕಪ್ಪು ಪಟ್ಟಿ — ಎಡ ಹೆಗಲು. ಎದುರು ಕೂತವರ ಎಡ ನಮಗೆ ಬಲಕ್ಕೆ ಕಾಣುದು, ಹೌದು, ಎಡವೇ. ತನ್ನದು ಬಲ ಹೆಗಲಿನಿಂದ ಇಳಿದಿದೆ. ಪೋಕರಾಕ ಹೇಳಿದ್ದರಲ್ಲ, ಗಂಡ ಗಲ್ಫಿನಲ್ಲಾ, ಅಲ್ಲಿಗೆ ಹೋದ್ರೆ ನಾನು ಕಲಿಸಿದ್ದೆಲ್ಲ ಮರೀಬೇಕು ಅಕ್ಕ, ಅಲ್ಲಿ ಸ್ಟೇರಿಂಗ್ ಆಚೆ ಬದಿ, ರಸ್ತೆಯೂ ಆಚೆ ಬದಿ, ಆಗ ಅವಳು ನಕ್ಕಿದ್ದಳು, ಗಾಡಿ ರಿವರ್ಸ್ ತೆಗೆಯುವುದರಲ್ಲೇ ಜೀವ ಇತ್ತು. ಇಲ್ಲಿ ಕಲಿತದ್ದು ಅಲ್ಲಿ ನಡೆಯುದಿಲ್ಲವೆಂದು ಅವನಿಗೆ ಗೊತ್ತಿಲ್ಲದ್ದಾ, ಆರು ವರ್ಷದಿಂದ ದಿನಾ ಆಚೆ ಬದಿಯಲ್ಲಿ ಕೂತು ಗಾಡಿ ಬಿಡುವವನಿಗೆ.

ಸುಳ್ಯದ ಅಜ್ಜಿ ಒಂದು ಕಥೆ ಹೇಳುತ್ತಿದ್ದರು, ಹೊಳೆಯಾಚೆ ತವರು ಇದ್ದ ಸೊಸೆ, ದಿನಾ ಕೇಳುತ್ತಿದ್ದಳಂತೆ ಹೋಗಿ ಬರಲಾ, ದೋಣಿ ಇಲ್ಲವಲ್ಲ ಮಗಳೇ ಎನ್ನುತ್ತಿದ್ದರಂತೆ ಮನೆಯವರು, ಅವಳು ಮರ ಕೆತ್ತಿ ಕೆತ್ತಿ ದೋಣಿ ಮಾಡಿದಳಂತೆ, ನೀರಿಗೆ ಬಿಟ್ಟ ದಿನ ಮನೆಮಂದಿಯೆಲ್ಲ ಬಂದು ಹತ್ತಿ ಕೂತರಂತೆ, ನಮಗೂ ಆಚೆ ಕೆಲಸ ಉಂಟು, ಹುಟ್ಟು ಹಾಕು. ಮತ್ತೆ ಎಂತ ಆಯ್ತು ಅಜ್ಜಿ? ಮತ್ತೆ ಎಂತ, ದಾಟಿಸಿದಳು, ಪುನಃ ಈಚೆ ತಂದಳು, ಪುನಃ ದಾಟಿಸಿದಳು, ನೀನೀಗ ಮಲಗು. ಕೋಪ ಬರುತ್ತಿತ್ತು ಸಣ್ಣ ಸುಪ್ರಿತಾಳಿಗೆ, ಅಜ್ಜಿ ನಿದ್ದೆಗಣ್ಣಲ್ಲಿ ಕಥೆ ಕೆಡಿಸಿದ್ದು ಎಂದುಕೊಂಡಿದ್ದಳು.

ಕಾಣಿಯೂರು ದಾಟಿ ರಬ್ಬರು ತೋಟದ ನೆರಳು, ಗೇರು ಮೂರು, ಗೇರು ಎರಡು, ಕೇಳಬೇಕು, ಎಲ್ಲರೂ ಇರುವಾಗಲೇ, ಅವನ ಎಡ ಹೆಗಲಿನ ಪಟ್ಟಿ ನೋಡಬಾರದು. ನಾವು ಜೂನಿಗೆ ಬರುದಲ್ವಾ? ಅವನು, ಜೂನಿಗೆ ಸುಪ್ರಿ, ನೋಡು — ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು, ಚಿತ್ರ ನಿಂತಿತು. ಮಾವ ಚಪ್ಪಲಿಯ ಪೇಪರನ್ನು ಸರಿಮಾಡಿಕೊಳ್ಳುತ್ತ, ಜೂನಿಗಾ, ಅಲ್ಲ, ಅವನು ಹೇಳ್ಲಿಲ್ವಾ ನಿನಗೆ, ಮೊನ್ನೆ ಸೋಮವಾರ ಕಡಬದ ಶಾಲೆಯಲ್ಲಿ ಮಗುವಿನ ಹೆಸರು ಬರೆಸಿ ಬಂದೆನಲ್ಲ, ಅವನೇ ಹೇಳಿದ್ದು, ಅಲ್ಲಿಯ ಮನೆ ಬಾಡಿಗೆ, ಶಾಲೆ ಎಲ್ಲ ನಮಗೆ ಆಗುದಲ್ಲ ಅಂತ. ಸೋಮವಾರ ಮಾವನಿಗೆ ಬಿಳಿ ಅಂಗಿ ಇಸ್ತ್ರಿ ಮಾಡಿ ಕೊಟ್ಟದ್ದು ಅವಳೇ. ಕನ್ನಡಿಯಲ್ಲಿ ಅತ್ತೆ, ಪ್ರೀತಿಕಾಳ ಕೂದಲು ನೇವರಿಸುವ ಕೈ, ಅತ್ತೆಯ ದನಿಯಲ್ಲಿ ಕೆಟ್ಟದ್ದು ಏನೂ ಇಲ್ಲ, ಒಂದು ಚೂರೂ ಇಲ್ಲ, ಹಿಡಿದು ಜಗಳ ಮಾಡಲು ಒಂದು ಮುಳ್ಳಾದರೂ ಬೇಡವೇ, ಅತ್ತೆ ಅನ್ನುತ್ತಿದ್ದಾರೆ, ನೀನು ಹೋದ್ರೆ ಈ ಗಾಡಿ ಯಾರು ಬಿಡುದು ಮಗಾ, ಹೇಳು, ನಾವು ನಿನ್ನನ್ನೇ ನಂಬಿ ತೆಗೆದದ್ದಲ್ವಾ. ಹಿಂದಿನ ಜೀಪು ಹಾರ್ನ್ ಹೊಡೆಯುತ್ತಿದೆ, ಏರಿಗೆ ಗೇರು ಇಳಿಸಬೇಕು, ಎಡಗೈ ತಾನಾಗಿ ಇಳಿಸುತ್ತದೆ, ಎಷ್ಟು ಚಂದ ಕಲಿತಿದೆ ಈ ಕೈ, ಮುಂದಿನ ತಿರುವಿನಲ್ಲಿ ನೆಟ್‌ವರ್ಕ್ ಬರುತ್ತದೆ, ಬಂದರೆ ಅವನು ಹೇಳುತ್ತಾನೆ, ನೋಡು ಎಂದವನು ಮುಂದಿನದ್ದು ಹೇಳಲೇಬೇಕು, ತಿರುವು ಬಂತು, ತಿರುವು ಹೋಯಿತು, ಅವನು ಹಾಗೆಯೇ ಇದ್ದಾನೆ, ಬಾಯಿ ಅರ್ಧ ತೆರೆದು, ಎಡ ಹೆಗಲಿನಿಂದ ಇಳಿದ ಕಪ್ಪು ಪಟ್ಟಿ, ಇನ್ನೊಂದು ತಿರುವು, ಅರ್ಧ ತೆರೆದ ಬಾಯಿ, ಎಡ ಹೆಗಲು, ಕಪ್ಪು ಪಟ್ಟಿ, ಎಡ ಹೆಗಲು —