ದೇವರಿಗೆ ಬಿಟ್ಟ ಶೇಂಗಾ

ದುರುಗಕ್ಕನ ಅಡುಗೆಮನೆಯಲ್ಲಿ ಶೇಂಗಾ ಬೀಳದ ಪದಾರ್ಥವೆಂದರೆ ಕುಡಿಯುವ ನೀರೊಂದೇ. ಪಲ್ಯಕ್ಕೆ ಶೇಂಗಾ ಪುಡಿ, ಸಾರಿಗೆ ಶೇಂಗಾ ಪುಡಿ, ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿ, ಹಬ್ಬ ಬಂದರೆ ಶೇಂಗಾ ಹೋಳಿಗೆ. ಜಗಳೂರು ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಅದೇ ಊರಲ್ಲಿ ಮದುವೆಯಾಗಿ, ಅಲ್ಲೇ ಅಜ್ಜಿಯೂ ಆದ ಹೆಂಗಸು ಅವಳು. ಶೇಂಗಾ ತಿಂದು ಯಾರಿಗೋ ಕೆಟ್ಟದ್ದಾಯಿತು ಎಂದರೆ, ಪಕ್ಕದ ಮನೆಯ ಎಮ್ಮೆ ವೋಟು ಹಾಕಿ ಬಂತು ಎಂದಷ್ಟೇ ನಂಬುತ್ತಿದ್ದಳು.

ಹೋದ ವರ್ಷದ ನಾಗರ ಪಂಚಮಿಯಲ್ಲಿ ನಂಬಲೇಬೇಕಾಯಿತು. ಮಗಳು ದುರ್ಗಾಂಬಿಕಾ ಚನ್ನಗಿರಿಯಿಂದ ಗಂಡ ಭೀಮೇಶ್, ಮಗಳು ಕಾವ್ಯಶ್ರೀ ಜೊತೆ ತವರಿಗೆ ಬಂದಿದ್ದಳು. ಕಾವ್ಯಶ್ರೀ ಮೊದಲಿಂದಲೂ ಶೇಂಗಾ ಕಂಡರೆ ಮೂತಿ ತಿರುವುವ ಹುಡುಗಿ. "ನಾಲಿಗೆ ಕೆರೀತೈತೆ" ಎನ್ನುತ್ತಿದ್ದಳು. ತಿನ್ನದಿರಲು ಮಕ್ಕಳು ಹೂಡುವ ಆಟ ಇದು ಎಂದು ಎಲ್ಲರೂ ಅಂದುಕೊಂಡಿದ್ದರು. ಅಜ್ಜಿಯಂತೂ ಆಟ ಬಿಡಿಸುತ್ತೇನೆ ಎಂದು ಮೊಮ್ಮಗಳ ಬಾಯಿಗೆ ಕೈಯಾರೆ ಶೇಂಗಾ ಉಂಡೆ ಇಟ್ಟಳು. ನೋಡನೋಡುತ್ತ ಮಗುವಿನ ತುಟಿ ಊದಿತು, ಮೈತುಂಬ ದದ್ದು ಎದ್ದವು, ಉಸಿರು ಸುಯ್‌ಗುಟ್ಟತೊಡಗಿತು. ದುರುಗಕ್ಕ "ಯಾರದೋ ಕಣ್ಣು ಬಿದ್ದೈತೆ" ಎಂದು ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಹುಡುಕುತ್ತಿದ್ದಾಗ, ಭೀಮೇಶ್ ಮಗುವನ್ನೆತ್ತಿಕೊಂಡು ಬೈಕ್ ಹತ್ತಿಯಾಗಿತ್ತು. ಆಸ್ಪತ್ರೆಯಲ್ಲಿ ತೊಡೆಗೊಂದು ಇಂಜೆಕ್ಷನ್ ಬಿದ್ದ ಮೇಲೆ ಮಗು ಸರಿಯಾಗಿ ಉಸಿರಾಡಿತು. "ಶೇಂಗಾ ಅಲರ್ಜಿ. ಇನ್ನು ಒಂದು ಚೂರೂ ಕೊಡಬೇಡಿ. ಮುಂದಿನ ಸಲ ಇದಕ್ಕಿಂತ ಜೋರಾಗಬಹುದು" ಎಂದರು ಡಾಕ್ಟರು. ಆ ಉಂಡೆ ಇಟ್ಟಿದ್ದು ತನ್ನ ಕೈ ಎಂಬುದನ್ನು ದುರುಗಕ್ಕ ಮರೆಯಲಿಲ್ಲ.

ಈ ವರ್ಷ ಪಂಚಮಿ ಹತ್ತಿರ ಬಂದಾಗ ಮಗಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದಳು.

"ಅವ್ವಾ, ಈ ಸಲ ಬರ್ತೀನಿ. ಆದ್ರೆ ಇನ್ನೊಂದು ಸಲ ಹಂಗೇನಾರ ಆತು ಅಂದ್ರೆ, ಕೂಸನ್ನ ನಾನು ಆ ಊರಿಗೆ ಕರ್ಕೊಂಡು ಬರಲ್ಲ. ನೀನೇ ಇಲ್ಲಿಗೆ ಬಂದು ನೋಡ್ಕೊಂಡು ಹೋಗು."

ಅಜ್ಜಿಯ ಮನೆಯೇ ಇಲ್ಲದ ಪಂಚಮಿ ಯಾವ ಮಗುವಿಗೂ ಬೇಡ, ಮೊಮ್ಮಗಳಿಲ್ಲದ ಜೋಕಾಲಿ ತನಗಂತೂ ಬೇಡವೇ ಬೇಡ. ದುರುಗಕ್ಕ ಸೆರಗು ಸಿಕ್ಕಿಸಿ ನಿಂತಳು. ಮನೆಯಲ್ಲಿದ್ದ ಶೇಂಗಾ ಚೀಲ ಪಕ್ಕದ ಓಣಿಯ ಅಣ್ಣನ ಮನೆ ಸೇರಿತು. ಗಾಣದ ಎಣ್ಣೆಯ ಡಬ್ಬಿ ಅದರ ಹಿಂದೆಯೇ ಹೋಯಿತು. ಮಿಕ್ಸಿ ಜಾರನ್ನು ತಿಕ್ಕಿ ತಿಕ್ಕಿ ಸಾಕಾಗಿ, ಕೊನೆಗೆ ಹೊಸದೊಂದು ಜಾರನ್ನೇ ತಂದಳು. ಗಂಡ ಬೋರಣ್ಣ ಹೊರಗೆ ಹುರಿದ ಶೇಂಗಾ ಮೆದ್ದು ಬಂದರೆ ಕೈಬಾಯಿ ಸೋಪಿನಲ್ಲಿ ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. "ನಮ್ಮಪ್ಪ ಸತ್ತಾಗ್ಲೂ ಇಷ್ಟು ಸಲ ಕೈ ತೊಳೆದಿಲ್ಲ ಕಣೇ" ಎಂದು ಅವನು ಗೊಣಗಿದ.

ಮನೆಯೇನೋ ಶುದ್ಧವಾಯಿತು. ಊರನ್ನು ತಿಕ್ಕಿ ತೊಳೆಯುವವರು ಯಾರು?

ಈ ಸಲ ಮಗಳು ಕಾವ್ಯಶ್ರೀಯನ್ನಷ್ಟೇ ಕರೆದುಕೊಂಡು ಬಂದಳು. ಪಂಚಮಿಯ ದಿನ ಎಲ್ಲರೂ ಹುತ್ತಕ್ಕೆ ಹಾಲೆರೆದು ಬರುವಷ್ಟರಲ್ಲಿ ಎದುರುಮನೆಯ ಓಬಕ್ಕ ಉಂಡೆಯ ತಟ್ಟೆ ಹಿಡಿದು ಪಡಸಾಲೆಯಲ್ಲಿ ಕೂತಿದ್ದಳು. ಪಂಚಮಿ ಎಂದರೆ ಉಂಡೆ ಬೀರುವ ಹಬ್ಬ. ಬಂದ ಉಂಡೆ ಬೇಡ ಎಂದವರ ಮನೆಗೆ ಮುಂದಿನ ವರ್ಷ ಬೈಗುಳವೂ ಬರುವುದಿಲ್ಲ.

"ಬ್ಯಾಡ ಚಿಗವ್ವಾ, ಅವಳಿಗೆ ಶೇಂಗಾ ಅಲರ್ಜಿ" ಎಂದಳು ದುರ್ಗಾಂಬಿಕಾ.

"ನಮ್ಮ ಹೊಲದ್ದು ಕಣೇ! ಔಷಧಿ ಹೊಡೆದಿಲ್ಲ, ಸರ್ಕಾರಿ ಗೊಬ್ಬರ ಹಾಕಿಲ್ಲ."

"ಔಷಧಿ ಮಾತಲ್ಲ, ಶೇಂಗಾನೇ ಅವಳ ಮೈಗೆ ಆಗಲ್ಲ. ಆಸ್ಪತ್ರೆಗೆ ಹಾಕಿದ್ವಲ್ಲ ಹೋದ್ವರ್ಷ."

"ಒಂದೇ ಸಲ ಇಡೀ ಉಂಡೆ ಕೊಟ್ರೆ ಹಂಗೇ ಆಗೋದು. ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡ್ಬೇಕು. ನಮ್ಮ ಹುಡುಗ ಮೊದ್ಲು ಶಾಲೆಗೂ ಹೋಗ್ತಿರ್ಲಿಲ್ಲ, ಈಗ ಹೋಗಲ್ವಾ?"

"ಅದನ್ನೆಲ್ಲ ಡಾಕ್ಟ್ರು ಆಸ್ಪತ್ರೇಲಿ ಕೂರಿಸ್ಕೊಂಡು ನೋಡೋ ಕೆಲ್ಸ ಚಿಗವ್ವಾ, ನಮ್ಮದಲ್ಲ."

ಓಬಕ್ಕನ ಕಿವಿಗೆ ಅದು ಹೋಗಲಿಲ್ಲ. ಪ್ರೀತಿ ಉಕ್ಕಿದವರಿಗೆ ಕಿವಿ ಕೇಳಿಸುವುದಿಲ್ಲ. ಉಂಡೆಯ ಒಂದು ಚೂರು ಮುರಿದು, ಕಾವ್ಯಶ್ರೀಯ ಗಲ್ಲ ಹಿಡಿದೇಬಿಟ್ಟಳು. ಒಳಗಿಂದ ಬರುತ್ತಿದ್ದ ದುರುಗಕ್ಕನ ಬಾಯಿಂದ ಅವಳಿಗೇ ಗೊತ್ತಿಲ್ಲದೆ ಮಾತು ಹೊರಬಿತ್ತು.

"ಏ ಓಬವ್ವಾ, ಮುಟ್ಟಿಸಬ್ಯಾಡ! ಕೂಸಿಗೆ ಶೇಂಗಾ ಬಿಡಿಸೈತೆ! ಗುಡ್ಡದಮ್ಮಗೆ ಬಿಟ್ಟೈತೆ!"

ಕಾದ ಹಂಚು ಮುಟ್ಟಿದವಳಂತೆ ಓಬಕ್ಕ ಕೈ ಹಿಂದಕ್ಕೆಳೆದುಕೊಂಡಳು. "ತಪ್ಪಾತು ತಾಯಿ, ತಪ್ಪಾತು" ಎಂದು ಗಲ್ಲ ಗಲ್ಲ ಬಡಿದುಕೊಂಡಳು. ಆಮೇಲೆ ದುರ್ಗಾಂಬಿಕಾಳನ್ನೇ ತರಾಟೆಗೆ ತೆಗೆದುಕೊಂಡಳು: "ಮೊದ್ಲೇ ಹಿಂಗಂತ ಹೇಳಾಕೆ ಏನಾಗಿತ್ತೇ ನಿಂಗೆ? ಅಲರ್ಜಿ ಗಿಲರ್ಜಿ ಅಂತ ಸುತ್ತಿ ಬಳಸಿ ಮಾತಾಡ್ತೀಯಲ್ಲ!"

ದೇವರಿಗೆ ಬಿಡುವುದೆಂದರೆ ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹರಕೆ ಹೊತ್ತವರು ಇಂಥದ್ದನ್ನು ತಿನ್ನುವುದಿಲ್ಲ ಎಂದು ಮನೆದೇವತೆಗೆ ಮಾತು ಕೊಟ್ಟರೆ ಮುಗಿಯಿತು. ಬೋರಣ್ಣನೇ ಬದನೆಕಾಯಿಯನ್ನು ಗುಡ್ಡದಮ್ಮನಿಗೆ ಬಿಟ್ಟವನು. ಮದುವೆಯ ಪಂಕ್ತಿಯಲ್ಲಿ ಬದನೆಕಾಯಿ ಪಲ್ಯದ ಬಕೆಟ್ಟು ಅವನ ಎಲೆ ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತದೆ. ಒಬ್ಬರಾದರೂ ಅವನಿಗೆ "ಸ್ವಲ್ಪ ತಿಂದ್ರೆ ಏನಾಗತೈತೆ" ಎಂದದ್ದಿಲ್ಲ.

ಮಧ್ಯಾಹ್ನದೊಳಗೆ ಸುದ್ದಿ ಊರು ಸುತ್ತಿತು. ಓಬಕ್ಕ ಹೊಸ ಪಾತ್ರೆಯಲ್ಲಿ, ಬೇರೆ ಒಲೆಯ ಮೇಲೆ ಮಗುವಿಗಾಗಿಯೇ ಮಂಡಕ್ಕಿ ಉಂಡೆ ಕಟ್ಟಿ ತಂದಳು. ಓಣಿಯ ಹೆಂಗಸರು ಕಾವ್ಯಶ್ರೀಯನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದರು. ಅಂಗಡಿಯ ತಿಮ್ಮೇಶ್ ಕನ್ನಡಕ ಹಾಕಿಕೊಂಡು ಬಿಸ್ಕತ್ತಿನ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನೆಲ್ಲ ಓದಿ, "ಇದ್ರಾಗೆ ಶೇಂಗಾ ಇರಬಹುದು ಅಂತ ಬರೆದೌರೆ, ನಾನಂತೂ ಕೊಡಲ್ಲವ್ವ, ಆಯಮ್ಮನ ಸಿಟ್ಟು ಯಾರಿಗೆ ಬೇಕು" ಎಂದು ವಾಪಸ್ಸು ಇಟ್ಟುಕೊಂಡ. ವರ್ಷವಿಡೀ ದುರ್ಗಾಂಬಿಕಾ ಗಂಟಲು ಹರಿದುಕೊಂಡರೂ ಆಗದ ಕೆಲಸ, ಗುಡ್ಡದಮ್ಮ ತುಟಿ ಪಿಟಕ್ಕೆನ್ನದೆ ಅರ್ಧ ದಿನದಲ್ಲಿ ಆಗಿಹೋಯಿತು.

"ಅವ್ವಾ, ದೇವ್ರ ಹೆಸ್ರಲ್ಲಿ ಸುಳ್ಳು ಹೇಳ್ತೀಯಲ್ಲ" ಎಂದಳು ಮಗಳು, ನಗಲೋ ಬೈಯಲೋ ತಿಳಿಯದೆ.

"ಆಯಮ್ಮಂಗೂ ಮೊಮ್ಮಕ್ಕಳು ಇರ್ತಾವೆ ಬಿಡು, ಅರ್ಥ ಆಗತೈತೆ."

ಕಾವ್ಯಶ್ರೀ ಮಾತ್ರ ಯೋಚನೆಗೆ ಬಿದ್ದಿದ್ದಳು. "ಅಜ್ಜೀ, ಗುಡ್ಡದಮ್ಮ ನನ್ನ ಶೇಂಗಾನೆಲ್ಲ ತಗೊಂಡ್ಲಾ?"

"ಹೂಂ ಕಣವ್ವ, ತಗೊಂಡ್ಲು."

"ವಾಪಸ್ ಕೊಡಲ್ವಾ?"

"ಕೊಟ್ಟಾಗ ತಿನ್ನುವಂತೆ, ಈಗ ಜೋಕಾಲಿ ಆಡು ಹೋಗು" ಎಂದು ದುರುಗಕ್ಕ ನಕ್ಕುಬಿಟ್ಟಳು. ಆ ಮಾತು ಆಡಬಾರದಿತ್ತು.

ದುರುಗಕ್ಕನ ಅಣ್ಣ ತಿಪ್ಪೇಶಪ್ಪ, ತನ್ನ ಕೆಲಸ ಮುಗಿದರೆ ಇನ್ನೊಬ್ಬರ ಕೆಲಸ ಹುಡುಕಿಕೊಂಡು ಮಾಡುವ ಮನುಷ್ಯ. ಶೇಂಗಾ ಚೀಲ ತನ್ನ ಮನೆಗೆ ಯಾಕೆ ಬಂತೆಂಬುದು ಅವನಿಗೆ ಈಗ ಹೊಳೆಯಿತು. ಹೊಳೆದದ್ದೇ ತಡ, ಕೂಸಿನ ಮೇಲೆ ಕನಿಕರ ಉಕ್ಕಿತು. ಹಾಲುಹಲ್ಲು ಬೀಳುವ ವಯಸ್ಸಿನ ಮಗುವಿಗೆ ಇಂಥ ಕಠಿಣ ಹರಕೆಯೇ? ದೊಡ್ಡವರು ಹೊತ್ತದ್ದನ್ನು ದೊಡ್ಡವರೇ ತೀರಿಸಬೇಕು ಎಂದುಕೊಂಡ. ಮಾರನೆಯ ದಿನ ಬೆಳಿಗ್ಗೆಯೇ ಮಿಂದು, ಮಡಿಯುಟ್ಟು, ಹಸಿರು ಸೀರೆ, ಕುಪ್ಪಸದ ಕಣ ಹಿಡಿದು ಗುಡ್ಡ ಹತ್ತಿದ. ತಪ್ಪುಕಾಣಿಕೆ ಹಾಕಿದ. ಪೂಜಾರಿಯ ಕೈಲಿ ಅಮ್ಮನ ಅಪ್ಪಣೆ ಕೇಳಿಸಿದ: "ಕೂಸಿನ ಮೇಲೆ ಹರಕೆ ಇಲ್ಲ ಅನ್ನೋದಾದ್ರೆ ಬಲಗಡೆ ಹೂ ಕೊಡು ತಾಯಿ."

ಹೂವು ಬಲಕ್ಕೇ ಬಿತ್ತು.

ಅವನು ಬಂದಾಗ ಬೇವಿನ ಮರದ ಜೋಕಾಲಿಯ ಸುತ್ತ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಹಣೆತುಂಬ ಕುಂಕುಮ, ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ.

"ಬಿಡಿಸಿದೆ ಕಣೇ ದುರುಗೀ! ಅಮ್ಮ ಬಲಗಡೆ ಹೂ ಕೊಟ್ಲು. ಹರಕೆ ಹರೀತು. ಬಾ ಮಗಾ, ಇದು ಆಯಮ್ಮನ ಪ್ರಸಾದ."

ಪೊಟ್ಟಣದಲ್ಲಿದ್ದದ್ದು ಶೇಂಗಾ ಉಂಡೆ.

ಕಾವ್ಯಶ್ರೀ ಜೋಕಾಲಿಯಿಂದ ಜಿಗಿದು ಬಂದಳು. ಮುಖ ಅರಳಿತ್ತು. ಗುಡ್ಡದಮ್ಮ ವಾಪಸ್ ಕೊಟ್ಟಿದ್ದಳಲ್ಲ, ಕೊಟ್ಟಾಗ ತಿನ್ನು ಎಂದು ಅಜ್ಜಿಯೇ ಹೇಳಿದ್ದಳಲ್ಲ. ದೇವರು ಕೊಟ್ಟದ್ದು ನಾಲಿಗೆ ಕೆರೆಯಲಾರದು ಎಂದು ಅವಳು ಬಾಯಿ ತೆರೆದಳು.

ದುರುಗಕ್ಕ ಓಡಿದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಕೈ ಬೀಸಿ ಹೊಡೆದ ಏಟಿಗೆ ಉಂಡೆ ಅಣ್ಣನ ಕೈಯಿಂದ ಹಾರಿ ಮಣ್ಣಿಗೆ ಬಿತ್ತು. ಜೋಕಾಲಿ ನಿಂತಿತು. ಪ್ರಸಾದವನ್ನು ನೆಲಕ್ಕೆ ಕೆಡವಿದ ಹೆಂಗಸನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಪುಡಿಯ ಒಂದು ಕಣ ಮಗುವಿನ ತುಟಿಗೆ ತಗುಲಿಯೇ ಇತ್ತು.

ದುರ್ಗಾಂಬಿಕಾ ತುಟಿ ತೊಳೆದು, ಬಾಯಿ ಮುಕ್ಕಳಿಸಿ ಉಗುಳಿಸಿ, ಔಷಧಿ ಕುಡಿಸಿ, ಡಾಕ್ಟರು ಬರೆದುಕೊಟ್ಟಿದ್ದ ಪೆನ್ನಿನಂಥ ಇಂಜೆಕ್ಷನ್ನನ್ನು ಕೈಯಲ್ಲಿ ಹಿಡಿದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಯಾರೋ ಆಟೋ ತಂದು ನಿಲ್ಲಿಸಿದರು. ಎಲ್ಲರ ಕಣ್ಣೆದುರಿಗೇ, ಆ ಕಣ ತಗುಲಿದ ಜಾಗದಲ್ಲಿ ತುಟಿ ಕೆಂಪಾಗಿ, ಹುಣಸೆಬೀಜದಷ್ಟು ಗುಳ್ಳೆ ಎದ್ದಿತು.

"ಹರಕೆ ತೀರಿಸಿದ್ದು ಸರಿಹೋಗಲಿಲ್ವೇನೋ" ಎಂದ ತಿಪ್ಪೇಶಪ್ಪ.

ದುರುಗಕ್ಕ ನೆಲಕ್ಕೆ ಕುಸಿದು ಕೂತಿದ್ದಳು. ಈಗ ಸುಮ್ಮನಿದ್ದರೆ ಅಣ್ಣ ಇನ್ನೊಂದು ಸೀರೆ ಹಿಡಿದು ಮತ್ತೆ ಗುಡ್ಡ ಹತ್ತುತ್ತಾನೆಂದು ಅವಳಿಗೆ ಗೊತ್ತಿತ್ತು. ನಾಚಿಕೆಯಿಂದ ಮುಖ ಉರಿಯುತ್ತಿದ್ದರೂ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹರಕೆನೂ ಇಲ್ಲ, ಗಿರಕೆನೂ ಇಲ್ಲಣ್ಣ. ನಾನು ಸುಳ್ಳು ಹೇಳ್ದೆ. ದೇವ್ರು ಏನೂ ಕೇಳಿಲ್ಲ. ಕೂಸಿನ ಮೈಗೇ ಶೇಂಗಾ ಆಗಲ್ಲ. ಯಾವ ಪೂಜೆ ಮಾಡಿದ್ರೂ ಆಗಲ್ಲ, ಪ್ರಸಾದ ಅಂದ್ರೂ ಆಗಲ್ಲ. ಉಸಿರೇ ಹೋಗತೈತೆ. ಮಗಳು ನಿಜ ಹೇಳಿದ್ರೆ ನೀವ್ಯಾರೂ ಕೇಳಲಿಲ್ಲ, ಅದಕ್ಕೆ ನಾನು ಸುಳ್ಳು ಹೇಳ್ದೆ. ಹೋದ್ವರ್ಷ ನಾನೂ ಕೇಳಿರಲಿಲ್ಲ."

ತಿಪ್ಪೇಶಪ್ಪ ಮಣ್ಣಲ್ಲಿ ಬಿದ್ದಿದ್ದ ಉಂಡೆ ನೋಡಿದ, ಗುಡ್ಡ ನೋಡಿದ.

"ಮತ್ತೆ ಅಮ್ಮ ಬಲಗಡೆ ಹೂ ಕೊಟ್ಲಲ್ಲ?"

"ನೀನು ಏನಂತ ಕೇಳ್ದೆ?"

"ಕೂಸಿನ ಮೇಲೆ ಹರಕೆ ಇಲ್ಲ ಅನ್ನೋದಾದ್ರೆ..."

"ಆಯಮ್ಮ ನಿಜಾನೇ ಹೇಳ್ಯಾಳೆ. ಸುಳ್ಳು ಹೇಳಿದ್ದು ನಾನೊಬ್ಬಳೇ."

ಓಬಕ್ಕನಿಗೆ ಮೊದಲು ನಗು ಬಂತು, ಅವಳ ಹಿಂದೆ ಉಳಿದವರಿಗೂ. ಆಗ ಅದುವರೆಗೆ ಮರಕ್ಕೊರಗಿ ನಿಂತಿದ್ದ ಬೋರಣ್ಣ ಕೆಮ್ಮಿದ.

"ಬದನೆಕಾಯಿದೂ ಅಷ್ಟೇ" ಎಂದ. "ಸಣ್ಣೋನಿದ್ದಾಗ ತಿಂದ್ರೆ ನಾಲಿಗೆ ಕೆರೀತಿತ್ತು, ಗಂಟಲು ಬಿಗೀತಿತ್ತು. ಯಾರೂ ನಂಬ್ತಿರ್ಲಿಲ್ಲ. ಅವ್ವನೇ ಗುಡ್ಡದಮ್ಮನ ಹೆಸ್ರು ಹೇಳು ಅಂದ್ಲು."

"ಅಯ್ಯೋ ನಿಮ್ಮ!" ಎಂದು ದುರುಗಕ್ಕ ಎದ್ದು ನಿಂತಳು. "ಕೂಸು ನಾಲಿಗೆ ಕೆರೀತೈತೆ ಅಂದಾಗ್ಲಾದ್ರೂ ಬಾಯಿ ಬಿಡಬಾರದೇನ್ರೀ? ನಿಮ್ಮ ಸಲುವಾಗಿ ಬದನೆಕಾಯಿ ಎಣ್ಣೆಗಾಯಿ ರುಚಿನೇ ಮರೆತುಹೋಗೈತೆ ನಂಗೆ!"

ಬೋರಣ್ಣ ತಲೆ ತಗ್ಗಿಸಿದ. ಸಂಜೆಯಾಗುವ ಹೊತ್ತಿಗೆ ಮಗುವಿನ ತುಟಿಯ ಗುಳ್ಳೆ ಇಳಿಯಿತು, ಇಂಜೆಕ್ಷನ್ ಬೇಕಾಗಲಿಲ್ಲ. ತಿಪ್ಪೇಶಪ್ಪ ಆ ತನಕ ಆಟೋದ ಪಕ್ಕ ಬಿಟ್ಟು ಕದಲಲಿಲ್ಲ.

ಮರುದಿನ ದುರುಗಕ್ಕ ಮಗಳೆದುರು ಕೂತಳು. ಬಟ್ಟೆಬರೆ ಕಟ್ಟಿ ಆಗಿತ್ತು. ಫೋನಿನಲ್ಲಿ ಹೇಳಿದಂತೆ ಇನ್ನು ಮಗಳು ಕೂಸನ್ನು ಕರೆತರುವುದಿಲ್ಲವೆಂದೇ ಅವಳಿಗೆ ಭಯ. ಕೇಳುವ ಧೈರ್ಯ ಬರದೆ ಬೇರೆ ಮಾತು ತೆಗೆದಳು: "ಆ ಪೆನ್ನು ಚುಚ್ಚೋದು ಹೆಂಗೆ ಅಂತ ನಂಗೂ ತೋರಿಸು."

ದುರ್ಗಾಂಬಿಕಾ ಅವ್ವನ ಮುಖವನ್ನೇ ನೋಡಿದಳು. ಮುಚ್ಚಳ ತೆಗೆಯದೆಯೇ ತೋರಿಸಿದಳು: ತೊಡೆಯ ಹೊರಮಗ್ಗುಲಿಗೆ ಒತ್ತಿ ಹಿಡಿಯಬೇಕು, ಬಟ್ಟೆಯ ಮೇಲಿಂದಾದರೂ ಸರಿ. ಚುಚ್ಚಿದ ಮೇಲೂ ಆಸ್ಪತ್ರೆಗೆ ಓಡಲೇಬೇಕು. ದುರುಗಕ್ಕ ಒಂದು ಮೆಕ್ಕೆಜೋಳದ ದಿಂಡು ಹಿಡಿದು ಗಂಡನ ತೊಡೆಯ ಮೇಲೆ ಅಭ್ಯಾಸ ಮಾಡಿದಳು. ಬದನೆಕಾಯಿಯ ಸಿಟ್ಟೂ ಸೇರಿದ್ದರಿಂದ ಸ್ವಲ್ಪ ಜೋರಾಗಿಯೇ ಬಿತ್ತು.

"ದಸರಾ ರಜಕ್ಕೆ ಕೂಸನ್ನ ನಿನ್ನ ಹತ್ರ ಬಿಟ್ಟು ಹೋಗ್ತೀನಿ ಅವ್ವ" ಎಂದಳು ದುರ್ಗಾಂಬಿಕಾ. "ನಿನ್ನೆ ಪ್ರಸಾದಕ್ಕೂ ಹೆದರಲಿಲ್ಲವಲ್ಲ ನೀನು."

ದುರುಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ" ಎಂದಳು. ಒಲೆ ಹೊತ್ತಿಸಿರಲೇ ಇಲ್ಲ.

ದಾವಣಗೆರೆ ಬಸ್ಸಿಗೆ ಹತ್ತಿಸಲು ಮನೆಮಂದಿಯೆಲ್ಲ ಬಂದರು. ಕಿಟಕಿಯ ಪಕ್ಕ ಕಾವ್ಯಶ್ರೀ ಕೂತಳು. ಹಿಂದಿನ ಸೀಟಿನ ಹೆಂಗಸೊಬ್ಬಳು, ಯಾರ ಮನೆಯವಳೋ ಏನೋ, ಮುದ್ದು ಬಂದು ಮಡಿಲಿನಿಂದ ಹುರಿದ ಶೇಂಗಾ ತೆಗೆದು ಮಗುವಿನತ್ತ ಕೈ ಚಾಚಿದಳು. ಕೆಳಗೆ ನಿಂತಿದ್ದ ದುರುಗಕ್ಕ ಕಿಟಕಿಯತ್ತ ನುಗ್ಗಿದಳು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳ ದನಿ ಕೇಳಿಸಿತು.

"ಬ್ಯಾಡ ಅಜ್ಜಿ, ನಂಗೆ ಶೇಂಗಾ ಆಗಲ್ಲ."

"ಯಾಕವ್ವ, ಯಾವ ದೇವ್ರಿಗೆ ಬಿಟ್ಟೀಯ?"

"ದೇವ್ರಿಗಲ್ಲ" ಎಂದಳು ಕಾವ್ಯಶ್ರೀ. "ನಂಗೆ."