ಪುಕ್ಕಲನ ಮೂರನೆಯ ಬೀಗ

ಅಚ್ಚುಮನೆಯಲ್ಲಿ ಅವಳಿಗೆ ಪ್ರೂಫ್ ಅಕ್ಕ ಎಂದೇ ಹೆಸರು. ಬೇರೆಯವರು ಮೂರು ಸಲ ನೋಡಿ ಬಿಟ್ಟ ಪುಟದಲ್ಲಿ ಅವಳು ನಿಂತ ಕಾಲಲ್ಲೇ ನಾಲ್ಕು ತಪ್ಪು ಹಿಡಿದುಕೊಡುತ್ತಿದ್ದಳು. ಲೇಖಕರು ಅವಳ ಕೆಂಪು ಪೆನ್ನಿಗೆ ಹೆದರುತ್ತಿದ್ದರು, ಹೆದರಬೇಕಾದ್ದೇ. ಅಂಥವಳು ತನ್ನ ಸ್ವಂತ ಪುಸ್ತಕದಲ್ಲಿ ಒಬ್ಬ ಇಡೀ ಮನುಷ್ಯನನ್ನೇ ಕಣ್ತಪ್ಪಿನಿಂದ ಊರಿಗೆಲ್ಲ ದಾನ ಮಾಡಿಬಿಟ್ಟಳು ಎಂದರೆ, ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಸುಳ್ಳಲ್ಲ.

ಆ ಮನುಷ್ಯ ಪುಕ್ಕಲ. ಅವನು ಬದುಕಿದ್ದು ಒಂದು ಆಟದಲ್ಲಿ. ಅಕ್ಕ ಮತ್ತು ಅವಳ ತಮ್ಮ ಊಟದ ಮೇಜಿನ ಮೇಲೆ ಹನ್ನೊಂದು ವರ್ಷ ಕೂತು ಕಟ್ಟಿದ ಆಟ ಅದು. ನಾಲ್ಕೈದು ಜನ ಸುತ್ತ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಲ್ಲೇ ಕಥೆ ಬೆಳೆಸುತ್ತ ಹೋಗಬೇಕು; ಹಿಡಿದ ಕೆಲಸ ಆಯಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಿಯಮ ಬರೆಯುವುದು ಅಕ್ಕನ ಕೆಲಸ, ಜನರನ್ನು ಹುಟ್ಟಿಸುವುದು ತಮ್ಮನದು. ಪುಕ್ಕಲ ತಮ್ಮನ ಪಾತ್ರ, ಬೀಗ ತೆಗೆಯುವವ. ಜಿರಳೆ ಕಂಡರೆ ಹೌಹಾರುತ್ತಿದ್ದ. ಬೀಗದ ಮುಂದೆ ಕೂತಾಗ ಮಾತ್ರ, "ಹೆದರಿಕೆ ಇದ್ರೆ ಇರ್ಲಿ, ಕೈ ನಡುಗ್ಬಾರ್ದು ಅಷ್ಟೆ" ಎನ್ನುತ್ತಿದ್ದ. ಮೂರು ವರ್ಷದ ಹಿಂದೆ ತಮ್ಮನನ್ನು ಆಪರೇಷನ್ನಿಗೆ ಒಯ್ಯುವಾಗ ಅವನು ಆ ಮಾತನ್ನು ಡಾಕ್ಟರಿಗೇ ಹೇಳಿ ನಗಿಸಿದ್ದ. ಅವನು ವಾಪಸ್ ಬರಲಿಲ್ಲ.

ತಮ್ಮನ ಆಸೆಯಂತೆ ಅಕ್ಕ ಆಟದ ನಿಯಮಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟಳು. ಯಾರು ಬೇಕಾದರೂ ಅವನ್ನು ಬಳಸಿ ತಮ್ಮದೇ ಪುಸ್ತಕ ಮಾಡಬಹುದು, ಮಾರಬಹುದು. ಕೊನೆಯ ಪುಟದಲ್ಲಿ ಮೂಲ ಬರೆದವರ ಹೆಸರು ಹಾಕಬೇಕು, ಅಷ್ಟೇ ಷರತ್ತು. ನಿಯಮ ಎಲ್ಲರದು, ಪಾತ್ರಗಳು ಮಾತ್ರ ಮನೆಯವು ಎಂದುಕೊಂಡು, ನಿಯಮಗಳಿದ್ದ ಮೊದಲ ಐದು ಅಧ್ಯಾಯ ಪೂರ್ತಿ ಮುಕ್ತ ಎಂದು ಬರೆಸಿದಳು. ಆದರೆ ಮೂರನೆಯ ಅಧ್ಯಾಯದಲ್ಲಿ, ದಾಳ ಹಾಕುವುದನ್ನು ಕಲಿಸಲು ತಮ್ಮ ಬರೆದ ಉದಾಹರಣೆಯಲ್ಲಿ, ಪುಕ್ಕಲ ಲಾಟೀನು ಹಿಡಿದು ತನ್ನ ಅದೇ ಮಾತು ಹೇಳುತ್ತ ಕೂತಿದ್ದ. ಪ್ರೂಫ್ ನೋಡುವ ಕಣ್ಣು ಅಕ್ಷರ ನೋಡುತ್ತದೆ, ಅದರೊಳಗೆ ಯಾರಿದ್ದಾರೆ ಎಂದು ನೋಡುವುದಿಲ್ಲ.

ಗೊತ್ತಾದ ದಿನವೇ ಅವಳು ವಕೀಲೆ ಗೆಳತಿಯ ಬಳಿ ಓಡಿದಳು. ಗೆಳತಿ ಕನ್ನಡಕ ತೆಗೆದಿಟ್ಟು, "ಕೊಟ್ಟಾಯ್ತಲ್ಲ. ವಾಪಸ್ ಕೇಳೋ ಹಾಗಿಲ್ಲ ಅಂತ ನೀನೇ ಬರ್ಸಿದೀಯ" ಎಂದಳು. ಇನ್ನು ಯಾರೋ ದಾರಿಹೋಕರು ತಮ್ಮನ ಪುಕ್ಕಲನ ಬಾಯಲ್ಲಿ ಬಾಯಿಗೆ ಬಂದದ್ದನ್ನು ಆಡಿಸುತ್ತಾರೆ. ಅಕ್ಕ ಆಟದ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದಳು, ಯಾರು ಏನು ಮಾಡಿದರೆಂದು ವಿಚಾರಿಸಲೂ ಇಲ್ಲ.

ಎರಡು ವರ್ಷದ ಮೇಲೆ ಒಂದು ಪಾರ್ಸೆಲ್ ಬಂತು. ಪಕ್ಕದ ಊರಿನ ಬೈಂಡಿಂಗ್ ಅಂಗಡಿಯವನು ಅವರ ನಿಯಮಗಳನ್ನೇ ಬಳಸಿ ತಾನು ಅಚ್ಚು ಹಾಕಲಿರುವ ಪುಸ್ತಕದ ಪ್ರೂಫ್ ಕಳಿಸಿದ್ದ. ಪುಕ್ಕಲ ಎಂದಿದ್ದಲ್ಲೆಲ್ಲ ಪೆನ್ಸಿಲಿನಲ್ಲಿ ಅಡ್ಡಗೆರೆ, ಪಕ್ಕದಲ್ಲಿ ಪ್ರಶ್ನೆಯ ಗುರುತು. ಪರವಾನಗಿಯ ಪ್ರಕಾರ ಕೇಳಬೇಕಾಗಿಲ್ಲ, ಆದರೂ ಹುಟ್ಟಿಸಿದವರನ್ನು ಒಂದು ಮಾತು ಕೇಳದೆ ಮುಂದುವರಿಯಲು ಮನಸ್ಸು ಒಪ್ಪುತ್ತಿಲ್ಲ, ಬೇಡವೆಂದರೆ ತೆಗೆದುಬಿಡುತ್ತೇವೆ, ಎಂದು ಬರೆದಿದ್ದ. ಬೇಡ ಎಂದು ಎದುರಿಗೇ ಹೇಳಲು ಅಕ್ಕ ಭಾನುವಾರ ಬೆಳಗಿನ ಬಸ್ಸು ಹತ್ತಿದಳು. ಕೆಂಪು ಪೆನ್ನು ಚೀಲದಲ್ಲಿತ್ತು.

ಅಂಗಡಿ ತುಂಬ ಅಂಟಿನ ವಾಸನೆ. ಕಾಗದ ಕತ್ತರಿಸುವ ಯಂತ್ರಕ್ಕೆ ಬಟ್ಟೆ ಹೊದಿಸಿ, ರಟ್ಟು ಕೊಯ್ಯುವ ಮೇಜನ್ನೇ ಆಟಕ್ಕೆ ಖಾಲಿ ಮಾಡಿದ್ದರು. ಬೈಂಡರನ ತಾಯಿ, ಒಬ್ಬ ನರ್ಸು, ಒಬ್ಬ ಬಸ್ ಡ್ರೈವರು ಆಗಲೇ ದಾಳ ಹಿಡಿದು ಕೂತಿದ್ದರು. ಬೈಂಡರು ಸಂಕೋಚದಿಂದ, ನಮ್ಮದೊಂದೇ ಅಲ್ಲ ಮೇಡಂ, ಬೇರೆಯವರದೂ ಇವೆ ಎನ್ನುತ್ತ ಅವಳನ್ನು ಗೋಡೆಯ ಕಪಾಟಿನ ಮುಂದೆ ನಿಲ್ಲಿಸಿದ.

ಇಪ್ಪತ್ತಮೂರು ಪುಸ್ತಕಗಳಿದ್ದವು. ಒಂದಕ್ಕೆ ಬರೀ ಪಿನ್ನು ಹೊಡೆದಿತ್ತು, ಇನ್ನೊಂದು ದಪ್ಪ ರಟ್ಟಿನದು. ಒಂದರಲ್ಲಿ ಪುಕ್ಕಲ ನಕ್ಷತ್ರಗಳ ನಡುವೆ ಹಡಗಿನ ಬಾಗಿಲು ತೆಗೆಯುತ್ತಿದ್ದ. ಮತ್ತೊಂದರಲ್ಲಿ ಅವನು ಮೊಮ್ಮಕ್ಕಳನ್ನು ಕಂಡ ಅಜ್ಜಿ. ಇನ್ನೊಂದರಲ್ಲಿ ಅಕ್ಷರವೇ ಇರಲಿಲ್ಲ. ಕಣ್ಣು ಕಾಣದವರು ಬೆರಳಲ್ಲಿ ಓದುವ ಉಬ್ಬು ಚುಕ್ಕಿಗಳು. ಅಕ್ಕ ಅಭ್ಯಾಸಬಲದಿಂದ ಪ್ರತಿಯೊಂದನ್ನೂ ಹಿಂದಿನಿಂದ ತೆರೆದಳು. ಕೊನೆಯ ಪುಟದಲ್ಲಿ ತಮ್ಮನ ಹೆಸರು. ಇನ್ನೊಂದು ತೆಗೆದಳು, ತಮ್ಮನ ಹೆಸರು. ಚುಕ್ಕಿಯ ಪುಸ್ತಕದ ಕೊನೆಯ ಪುಟದ ಮೇಲೆ ಬೈಂಡರು ಅವಳ ಬೆರಳನ್ನು ತಂದಿಟ್ಟ. ಅಲ್ಲೂ ಅವನೇ. ತಾನೇ ಬರೆಸಿದ ಒಣ ಷರತ್ತು ಇಷ್ಟೊಂದು ಮನೆಗಳಲ್ಲಿ ತಮ್ಮನನ್ನು ಕೂರಿಸಿತ್ತು. ಇಷ್ಟು ದೊಡ್ಡದನ್ನು ತಾನು ಅಟ್ಟದ ಪೆಟ್ಟಿಗೆಯಲ್ಲಿದೆ ಎಂದುಕೊಂಡಿದ್ದಳಲ್ಲ.

ಮೇಜಿನಿಂದ ಬೈಂಡರನ ತಾಯಿ ಕೇಳಿದರು. "ನಿಮ್ಮನೇಲಿ ಮೂರನೇ ಬೀಗಕ್ಕೆ ಎಷ್ಟು ಬಿತ್ತಮ್ಮ?"

ತಮ್ಮನ ಉದಾಹರಣೆ ಇದ್ದದ್ದೇ ಹಾಗೆ. ಹನ್ನೆರಡು ದಾಟಿದರೆ ಬೀಗ ತೆರೆಯುತ್ತದೆ. ಮೊದಲ ಬೀಗಕ್ಕೆ ಹದಿನೈದು, ತೆರೆಯಿತು. ಎರಡನೆಯದಕ್ಕೆ ನಾಲ್ಕು, ತಂತಿ ಮುರಿಯಿತು. ಮೂರನೆಯದಕ್ಕೆ ಅವನು ಸಂಖ್ಯೆ ಬರೆದಿರಲಿಲ್ಲ: ಇನ್ನು ದಾಳ ನಿಮ್ಮ ಕೈಯಲ್ಲಿ, ಎಂದಷ್ಟೇ ಬರೆದಿದ್ದ. ಈ ಆಟ ಕಲಿತವರೆಲ್ಲ ಮೊದಲು ಮಾಡಿದ ಕೆಲಸ ಪುಕ್ಕಲನಿಗಾಗಿ ದಾಳ ಹಾಕಿದ್ದು. ತಾಯಿಗೆ ಹತ್ತೊಂಬತ್ತು ಬಿದ್ದಿತ್ತಂತೆ, ಡ್ರೈವರಿಗೆ ಎರಡು.

"ನಮ್ಮನೇಲಿ ಯಾರೂ ಹಾಕೇ ಇಲ್ಲ," ಎಂದಳು ಅಕ್ಕ.

ತಾಯಿ ತಮ್ಮ ದಾಳವನ್ನು ಅವಳತ್ತ ಸರಿಸಿದರು. ಅಕ್ಕ ಎತ್ತಿಕೊಂಡಳು, ಆದರೆ ಅಂಗೈಯಲ್ಲಿ ಅದು ನಿಲ್ಲಲೊಲ್ಲದು.

"ಹೆದರಿಕೆ ಇದ್ರೆ ಇರ್ಲಿ," ಎಂದರು ತಾಯಿ, "ಕೈ ನಡುಗ್ಬಾರ್ದು ಅಷ್ಟೆ." ತಮ್ಮನನ್ನು ಎಂದೂ ಕಾಣದ ಮುದುಕಿ, ಅವನು ನಿಲ್ಲಿಸುತ್ತಿದ್ದಲ್ಲೇ ಮಾತು ನಿಲ್ಲಿಸಿ ಹೇಳಿದ್ದರು.

ಅಕ್ಕ ದಾಳ ಹಾಕಿದಳು. ಏಳು. ಮೂರು ವರ್ಷ ಕಾದದ್ದಕ್ಕೆ ಬರೀ ಏಳು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ತಡೀರಿ ಅಕ್ಕ, ಮೂರನೇ ಅಧ್ಯಾಯದ ಕೊನೇ ನಿಯಮ," ಎಂದ ಡ್ರೈವರು. ಪಕ್ಕದಲ್ಲಿ ಕೂತವರು ಒಮ್ಮೆ ತಮ್ಮ ದಾಳ ಹಾಕಿ ಅದಕ್ಕೆ ಕೂಡಿಸಬಹುದು. ಬರೆದವಳು ಅವಳೇ, ಮರೆತವಳೂ ಅವಳೇ. ಅವಳು ತಲೆಯೆತ್ತುವಷ್ಟರಲ್ಲಿ ನಾಲ್ಕು ಕೈಗಳು ದಾಳ ಹಾಕಿಯಾಗಿತ್ತು.

ಎಲ್ಲ ಕೂಡಿದರೆ ಐವತ್ತರ ಮೇಲಾಯಿತು. ಬೀಗ ಮಾತ್ರವಲ್ಲ, ಬಾಗಿಲೇ ಚೌಕಟ್ಟು ಸಮೇತ ಬಂತು ಎಂದ ಬೈಂಡರು.

ಅಕ್ಕ ಚೀಲದಿಂದ ಪ್ರೂಫು ಮತ್ತು ಪೆನ್ನು ತೆಗೆದಳು. ಪೆನ್ಸಿಲಿನ ಅಡ್ಡಗೆರೆ ಬಿದ್ದಿದ್ದ ಮೊದಲ ಪುಕ್ಕಲನ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಹೊಡೆದದ್ದನ್ನು ಉಳಿಸಿಕೊಳ್ಳಿ ಎಂದು ಹೇಳಲು ಪ್ರೂಫಿನವರು ಬರೆಯುವ ಒಂದೇ ಮಾತನ್ನು ಅಂಚಿನಲ್ಲಿ ಬರೆದಳು: ಇರಲಿ. ಮುಂದಿನ ಪುಟದಲ್ಲೂ ಅದನ್ನೇ ಬರೆದಳು.

ಬೀಗ ತೆಗೆದವರೇ ಒಳಗೇನಿದೆ ಎಂದು ಹೇಳಬೇಕು, ಅದೂ ನಿಯಮ. ತಾಯಿ ಕಾಯುತ್ತಿದ್ದರು. ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಪುಕ್ಕಲ ಲಾಟೀನು ಎತ್ತಿ ಹಿಡಿದ ಎಂದು ಶುರುಮಾಡಿದಳು.